‘ಬಲಿಯಾದನು’, ‘ತ್ಯಾಗ ಮಾಡಿದನು’, ‘ಯಜ್ಞವಾದನು’: ಯಾವುದು ಸರಿ?

ಬಳ್ಳಾರಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಶುಭ ಶುಕ್ರವಾರದ ಕರಪತ್ರವೊಂದು ಕಂಪೋಸ್‌ಗೆ ಬಂದಿದೆ. ಕೈಬರಹದಲ್ಲಿ ‘ಯೇಸು ನಮಗಾಗಿ ಬಲಿಯಾದನು’ ಎಂದಿತ್ತು. ಪ್ರೂಫ್ ನೋಡಲು ಬಂದ ಚರ್ಚಿನ ಹಿರಿಯರು ಅದನ್ನು ಹೊಡೆದು ‘ತ್ಯಾಗ ಮಾಡಿದನು’ ಎಂದು ಬರೆದರು. ಅವರ ಜೊತೆಗಿದ್ದ ಹುಡುಗ ಅದನ್ನೂ ಹೊಡೆದು ‘ಯಜ್ಞವಾದನು’ ಅಂದ. ನಾನು ಕ್ರೈಸ್ತನಲ್ಲ. ಆದರೆ ಮೂರು ಬಣ್ಣದ ಇಂಕಿನ ಆ ಹಾಳೆ ನೋಡಿದಾಗಿನಿಂದ ತಲೆಯಲ್ಲಿ ಇದೇ ಓಡುತ್ತಿದೆ.

ಹಿರಿಯರ ತಕರಾರು ಸರಳ. ‘ಬಲಿಯಾದ ಅಂದ್ರ ಲಾರಿಗೆ ಸಿಕ್ಕು ಸತ್ತಂಗ ಆಗ್ತೈತಿ’ ಅಂದರು. ನಿಜ ಅಲ್ವಾ? ‘ಸಿಡಿಲಿಗೆ ಇಬ್ಬರು ಬಲಿ’ ಎಂದು ಪೇಪರಿನಲ್ಲಿ ಓದುತ್ತೇವೆ. ಸತ್ತವರನ್ನು ಯಾರೂ ಕೇಳಿರುವುದಿಲ್ಲ. ಹರಕೆಯ ಕುರಿಯನ್ನೂ ಕೇಳುವುದಿಲ್ಲ. ‘ತ್ಯಾಗ’ದಲ್ಲಿ ಮನಸ್ಸಿದೆ, ಆದರೆ ರಕ್ತ ಇಲ್ಲ. ಕುರ್ಚಿ ಬಿಟ್ಟರೂ ತ್ಯಾಗ, ಸಿಗರೇಟು ಬಿಟ್ಟರೂ ತ್ಯಾಗ. ಶಿಲುಬೆಯ ಸಾವಿಗೆ ಅದು ತೀರಾ ತೆಳುವಾಯಿತು ಅನ್ನಿಸುತ್ತದೆ.

ಹುಡುಗನ ‘ಯಜ್ಞ’ ಸುಮ್ನೆ ಬಂದದ್ದಲ್ಲ. ಅವರ ಮನೆಗಳಲ್ಲಿರುವ ಹಳೆಯ ಕನ್ನಡ ಬೈಬಲ್‌ನಲ್ಲಿ ಆ ಪದ ಬೇಕಾದಷ್ಟಿದೆ. ಯೋಹಾನನ ಸುವಾರ್ತೆಯಲ್ಲಿ ಯೇಸುವನ್ನು ‘ಯಜ್ಞಕ್ಕೆ ದೇವರು ನೇಮಿಸಿದ ಕುರಿ’ ಎಂದಿದೆ. ಗ್ರೀಕ್ ಮೂಲದಲ್ಲಿರುವುದು ಬರೀ ‘ದೇವರ ಕುರಿಮರಿ’. ಯಜ್ಞ, ನೇಮಕ ಎರಡೂ ಅನುವಾದಕರು ಬಿಡಿಸಿ ಹೇಳಿದ್ದು. ಕ್ಯಾಥೊಲಿಕ್ ಗೆಳೆಯರನ್ನು ಕೇಳಿದರೆ ಅವರಿಗೆ ‘ಬಲಿ’ಯೇ ಹತ್ತಿರ. ಅವರದು ಬಲಿಪೂಜೆ, ಬಲಿಪೀಠ. ಹಾಗಾದರೆ ಇದು ಅರ್ಥದ ಜಗಳವೋ, ಯಾವ ಚರ್ಚಿಗೆ ಹೋಗುತ್ತೀರಿ ಎಂಬುದೋ?

ನನಗೆ ತೋಚಿದ್ದು ಇಷ್ಟು: ತೊಂದರೆ ‘ಬಲಿ’ಯಲ್ಲಿಲ್ಲ, ‘ಆದನು’ವಿನಲ್ಲಿದೆ. ‘ತನ್ನನ್ನೇ ಬಲಿಯಾಗಿ ಅರ್ಪಿಸಿಕೊಂಡನು’ ಅಂದರೆ ಲಾರಿ ಮಾಯ. ‘ಹೊಡೆದ’, ‘ಹೊಡೆದುಕೊಂಡ’ ಇದ್ದ ಹಾಗೆ. ಆ ಒಂದು ‘ಕೊಂಡ’ನಿಂದ ಕೊಡುವವನೂ ಕೊಟ್ಟ ವಸ್ತುವೂ ಒಂದೇ ಆಗುತ್ತಾರೆ. ಕ್ರೈಸ್ತರು ಹೇಳಬೇಕೆಂದಿರುವುದೂ ಅದೇ ತಾನೆ?

ಕರಪತ್ರದಲ್ಲಿ ಇನ್ನೆರಡು ಪದಗಳಿವೆ. ಒಂದು ಕಡೆ ‘ನಂಬಿಕೆ’, ಇನ್ನೊಂದು ಕಡೆ ‘ವಿಶ್ವಾಸ’. ಇಲ್ಲಿ ತೆಲುಗು ಮನೆಮಾತಿನವರು ಜಾಸ್ತಿ, ತೆಲುಗು ಬೈಬಲ್‌ನಲ್ಲಿ ‘ವಿಶ್ವಾಸಮು’ ಇದೆ, ಅಲ್ಲಿಂದ ಬಂದಿರಬಹುದು. ನಮ್ಮ ಆಡುಮಾತಿನಲ್ಲಿ ವಿಶ್ವಾಸ ಅಂದರೆ ಪ್ರೀತಿ, ಸಲುಗೆ. ನಾನು ‘ನಂಬಿಕೆ’ಯ ಕಡೆ.

‘ರಕ್ಷಣೆ’ ಇನ್ನೂ ಮಜಾ ಇದೆ. ‘ನಿಮಗೆ ರಕ್ಷಣೆ ಆಗಿದೆಯಾ?’ ಎಂದು ಆ ಹುಡುಗ ಕೇಳಿದಾಗ ಪೊಲೀಸರ ನೆನಪಾಯಿತು. ‘ಮೋಕ್ಷ’ ಅನ್ನಬಾರದೇ ಅಂದೆ. ಅದು ಹುಟ್ಟುಸಾವಿನ ಸುತ್ತಿನಿಂದ ಬಿಡುಗಡೆ, ನಮ್ಮದು ಪಾಪದಿಂದ ಬಿಡುಗಡೆ ಅಂದ. ಗ್ರೀಕ್ ಬಲ್ಲ ಪಾದ್ರಿಯೊಬ್ಬರು ಇನ್ನೊಂದು ತೋರಿಸಿದರು. ರಕ್ತಸ್ರಾವ ನಿಂತ ಹೆಂಗಸಿಗೆ ಯೇಸು ‘ನಿನ್ನ ನಂಬಿಕೆಯೇ ನಿನ್ನನ್ನು ಸ್ವಸ್ಥ ಮಾಡಿತು’ ಅನ್ನುತ್ತಾನೆ. ಪಾಪ ಕ್ಷಮಿಸಲ್ಪಟ್ಟ ಇನ್ನೊಬ್ಬಳಿಗೂ ಗ್ರೀಕ್‌ನಲ್ಲಿ ಅದೇ ಮಾತು, ಅದೇ ‘ಸೋಜೋ’ ಕ್ರಿಯಾಪದ. ಕನ್ನಡದಲ್ಲಿ ಮಾತ್ರ ಅವಳಿಗೆ ‘ರಕ್ಷಿಸಿತು’. ಎರಡನ್ನೂ ಹಿಡಿಯುವ ಕನ್ನಡ ಪದ ಇದೆಯೇ? ‘ಉಳಿಸಿತು’ ಅಂದರೆ? ‘ಡಾಕ್ಟರು ಉಳಿಸಿದರು’, ‘ದೇವರು ಉಳಿಸಿದ’ ಎರಡೂ ಅನ್ನುತ್ತೇವಲ್ಲ.

1810ರಲ್ಲಿ ಇದೇ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲ್ಲನ್ನು ಕನ್ನಡಕ್ಕೆ ತರಲು ಕೂತವರು. 1831ರ ಹೊತ್ತಿಗೆ ಇಡೀ ಬೈಬಲ್ ಅಚ್ಚಾಯಿತು. ಆ ಮೊದಲ ಮುದ್ರಣ ನೋಡಿದವರಿದ್ದರೆ ಹೇಳಿ, ಅದರಲ್ಲಿ ‘ಬಲಿ’ಯೋ ‘ಯಜ್ಞ’ವೋ? ರಾಯಚೂರು, ಕೊಪ್ಪಳದ ಕಡೆ ಪ್ರಾರ್ಥನೆಯಲ್ಲಿ ಯಾವುದು ಬಾಯಿಗೆ ಬರುತ್ತದೆ?

ಸದ್ಯ ‘ಅರ್ಪಿಸಿಕೊಂಡನು’ ಎಂದು ಕಂಪೋಸ್ ಮಾಡಿಟ್ಟಿದ್ದೇನೆ. ಹಿರಿಯರು ಇನ್ನೂ ನೋಡಿಲ್ಲ.