ಲೇತಿನಲ್ಲಿ ಮರದ ಸೌಟು ಕಡೆಯುವಾಗ ಹಿಡಿ ಅದುರುವುದೇಕೆ?

ಪ್ರಶ್ನೆ: ಮಲೆನಾಡಿಗ, ಸಿರ್ಸಿ

ಎಲ್ಲರಿಗೂ ನಮಸ್ಕಾರ. ನಮ್ಮ ತೋಟದಲ್ಲಿ ಗಾಳಿಗೆ ಬಿದ್ದ ಹಲಸಿನ ಮರವನ್ನು ಕೊಯ್ಸಿ, ನೆರಳಿನಲ್ಲಿ ಒಣಗಿಸಿಟ್ಟು, ಈಗ ಅದರಿಂದ ಅಡುಗೆಮನೆಗೆ ಬೇಕಾದ ಸೌಟುಗಳನ್ನು ಸಣ್ಣ ಲೇತಿನಲ್ಲಿ (ಮರವನ್ನು ತಿರುಗಿಸುತ್ತ ಉಳಿಯಿಂದ ಕಡೆಯುವ ಯಂತ್ರ) ಕಡೆಯುತ್ತಿದ್ದೇನೆ. 12 ಅಂಗುಲ ಉದ್ದ, 2 ಅಂಗುಲ ಚೌಕದ ತುಂಡಿನಿಂದ ಶುರುಮಾಡುತ್ತೇನೆ. ಬಾಯಿಯ ಭಾಗ ಮೊಟ್ಟೆಯಾಕಾರಕ್ಕೆ ಸಲೀಸಾಗಿ ಬರುತ್ತದೆ. ಆದರೆ ಹಿಡಿ ಅರ್ಧ ಅಂಗುಲಕ್ಕೆ ಇಳಿಯುತ್ತಿದ್ದಂತೆ ನಡುಭಾಗ ಅದುರಿ, ಮೈಮೇಲೆಲ್ಲ ಸುರುಳಿ ಗೆರೆಗಳು ಬೀಳುತ್ತವೆ. ಕೆಲವಂತೂ ಕುತ್ತಿಗೆಯಲ್ಲೇ ಮುರಿಯುತ್ತವೆ. ಬಾಯಿಯ ಗುಳಿಯನ್ನೂ ಲೇತಿನಲ್ಲೇ ತೆಗೆಯಬಹುದೇ, ಕೊನೆಗೆ ಯಾವ ಎಣ್ಣೆ ಹಚ್ಚಬೇಕು ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ: ಬಡಗಿಮನೆ, ಕುಮಟಾ

ಉಳಿಯನ್ನು ದೂರುವ ಮೊದಲು ಟೈಲ್‌ಸ್ಟಾಕಿನ, ಅಂದರೆ ತುಂಡಿನ ಇನ್ನೊಂದು ತುದಿಯನ್ನು ಒತ್ತಿ ಹಿಡಿಯುವ ಲೇತಿನ ಭಾಗದ, ಒತ್ತಡವನ್ನು ನೋಡಿ. ತುಂಡು ದಪ್ಪವಿದ್ದಾಗ ಬಿಗಿಯಾಗಿ ಒತ್ತಿ ಹಿಡಿಯುವುದು ಸರಿಯೇ, ಆದರೆ ಹಿಡಿ ತೆಳುವಾದ ಮೇಲೂ ಅದೇ ಒತ್ತಡವಿದ್ದರೆ ಮರ ಬಿಲ್ಲಿನಂತೆ ಬಾಗುತ್ತದೆ. ಬಾಗಿದ ಮರ ತಿರುಗುತ್ತ ಉಳಿಯ ಬಾಯಿಯನ್ನು ಒಮ್ಮೆ ತಾಗಿ ಒಮ್ಮೆ ಬಿಡುವುದರಿಂದಲೇ ನೀವು ಹೇಳುವ ಗೆರೆಗಳು ಮೂಡುತ್ತವೆ. ಹಿಡಿ ಸಣ್ಣದಾಗುತ್ತ ಬಂದಂತೆ ಟೈಲ್‌ಸ್ಟಾಕನ್ನು ಸ್ವಲ್ಪ ಸಡಿಲಿಸಿ. ಸೌಟಿನ ಬಾಯಿ ಹೆಡ್‌ಸ್ಟಾಕಿನ (ಮರವನ್ನು ತಿರುಗಿಸುವ ತುದಿ) ಕಡೆಗೂ ಹಿಡಿಯ ತುದಿ ಟೈಲ್‌ಸ್ಟಾಕಿನ ಕಡೆಗೂ ಇರಲಿ. ಇಡೀ ಹಿಡಿಯನ್ನು ಒಟ್ಟಿಗೆ ತೆಳುವು ಮಾಡಬೇಡಿ. ತುದಿಯಿಂದ ಆರಂಭಿಸಿ ಎರಡೆರಡು ಅಂಗುಲವನ್ನು ಪೂರ್ತಿ ಮುಗಿಸುತ್ತ ಬಾಯಿಯ ಕಡೆಗೆ ಬನ್ನಿ. ಆಗ ಮುಂದೆ ಕಡೆಯಬೇಕಾದ ಭಾಗ ದಪ್ಪವಾಗಿಯೇ ಉಳಿದು ಬಲ ಕೊಡುತ್ತದೆ. ಇಳಿಜಾರಿನಲ್ಲಿ ಉಳಿ ಸದಾ ದಪ್ಪದಿಂದ ತೆಳುವಿನ ಕಡೆಗೇ ಸಾಗಬೇಕು, ಇಲ್ಲವಾದರೆ ಎಳೆ ಸಿಬಿರೆದ್ದು ಬರುತ್ತದೆ.

ಕುತ್ತಿಗೆ ಮುರಿಯುವುದಕ್ಕೆ ಕಾರಣ ಬೇರೆ. ಗರಗಸದ ಮಿಲ್ಲಿನಲ್ಲಿ ಕೊಯ್ದ ತುಂಡು ನೋಡಲು ನೆಟ್ಟಗಿದ್ದರೂ ಒಳಗಿನ ಎಳೆ ಓರೆಯಾಗಿ ಹರಿದಿರಬಹುದು. ಕುತ್ತಿಗೆ ತೆಳುವಾದಾಗ ಆ ಎಳೆ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಹಾಯ್ದು ಹೊರಬಿದ್ದು, ಅಲ್ಲಿಯೇ ಮುರಿಯುತ್ತದೆ. ತುಂಡಿನ ಪಕ್ಕದ ಮೈಯನ್ನು ಹದವಾಗಿ ಹೆರೆದು ಒಂದು ಹನಿ ಶಾಯಿ ಬಿಟ್ಟು ನೋಡಿ: ಶಾಯಿ ಎಳೆಯ ಗುಂಟವೇ ಹಬ್ಬುತ್ತದೆ, ಎಷ್ಟು ಓರೆಯಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಹಲಸಿನಲ್ಲಿ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದು ಸಾಮಾನ್ಯವಾದ್ದರಿಂದ, ಗಂಟಿಲ್ಲದ ಕಾಂಡದ ಭಾಗವನ್ನು ಆರಿಸಿ, ಬೆಣೆ ಹೊಡೆದು ಸೀಳಿದ ತುಂಡುಗಳನ್ನೇ ಸೌಟಿಗೆ ಬಳಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಸೀಳಿನಲ್ಲಿ ಮರ ವ್ಯರ್ಥವಾಗುತ್ತದೆ ನಿಜ, ಆದರೆ ಹಾಗೆ ಮಾಡಿದ ಸೌಟು ಬಹುಕಾಲ ಬಾಳುತ್ತದೆ.

ಉತ್ತರ: ಶರಾವತಿ ತೀರ, ಹೊನ್ನಾವರ

ಗುಳಿಯ ವಿಚಾರದಲ್ಲಿ ಒಂದು ಎಚ್ಚರಿಕೆ. ಲೇತಿನಲ್ಲಿ ಗುಳಿ ತೆಗೆಯಬೇಕಾದರೆ ಬಾಯಿಯನ್ನು ಚಕ್ಕಿನಲ್ಲಿ (ಲೇತಿನ ಹಿಡಿಕೆ) ಅಡ್ಡ ಹಿಡಿಸಬೇಕಾಗುತ್ತದೆ. ಆಗ ಉದ್ದನೆಯ ಹಿಡಿ ಸುತ್ತಲೂ ಬೀಸುತ್ತಿರುತ್ತದೆ ಮತ್ತು ವೇಗದಲ್ಲಿ ಅದು ಕಣ್ಣಿಗೆ ಕಾಣುವುದಿಲ್ಲ. ಕೈಗೆ ಬಡಿದರೆ ಮೂಳೆ ಮುರಿಯುತ್ತದೆ. ಲೇತಿನ ಕೆಲಸ ಹೊರಮೈಗೆ ನಿಲ್ಲಲಿ. ಮೊಟ್ಟೆಯ ಮೇಲ್ಭಾಗವನ್ನು ಗರಗಸದಿಂದ ಚಪ್ಪಟೆಯಾಗಿ ಕೊಯ್ದು, ಬಟ್ಟೆ ಸುತ್ತಿ ವೈಸಿನಲ್ಲಿ (ಮೇಜಿನ ಇಕ್ಕಳ) ಹಿಡಿಸಿ, ಬಾಗಿದ ಉಳಿಯಿಂದ ಮೊದಲು ಎಳೆಗೆ ಅಡ್ಡವಾಗಿ ತೋಡುತ್ತ ಬನ್ನಿ. ಸಿರ್ಸಿ, ಕುಮಟಾಗಳು ಗುಡಿಗಾರರ ಶ್ರೀಗಂಧದ ಕೆತ್ತನೆಗೆ ಹೆಸರಾದ ಊರುಗಳಾದ್ದರಿಂದ, ಅಂಥ ಸಣ್ಣ ಉಳಿಗಳ ಬಗೆಗೆ ಸಲಹೆ ಕೊಡಬಲ್ಲವರು ನಿಮ್ಮ ಹತ್ತಿರದಲ್ಲೇ ಸಿಗಬಹುದು. ತಳ ಕಾಲು ಅಂಗುಲ ದಪ್ಪ ಉಳಿದರೆ ಸಾಕು.

ಉತ್ತರ: ಕಾಳಿ ಅಳಿವೆ, ಕಾರವಾರ

ಎಣ್ಣೆಯ ಬಗೆಗೆ ನನಗೆ ತಿಳಿದಷ್ಟನ್ನು ಬರೆಯುತ್ತೇನೆ. ಚನ್ನಪಟ್ಟಣದ ಗೊಂಬೆಗಳ ಹೊಳಪನ್ನು ನೋಡಿ ಸೌಟಿಗೂ ಅರಗು ಹಚ್ಚುವ ಆಸೆ ಬರುವುದು ಸಹಜ. ಆದರೆ ಅಲ್ಲಿ ತಿರುಗುವ ಹಾಲೆ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ತಿಕ್ಕಾಟದ ಬಿಸಿಗೇ ಅದು ಕರಗಿ ಅಂಟುತ್ತದೆ, ಹೀಗಿರುವಾಗ ಕುದಿಯುವ ಸಾರಿನಲ್ಲಿ ಅದು ನಿಲ್ಲಲಾರದು. ಕೊಬ್ಬರಿ ಎಣ್ಣೆ ಹಚ್ಚಬಹುದು, ಆದರೆ ಅದು ಒಣಗಿ ಗಟ್ಟಿಯಾಗುವ ಎಣ್ಣೆಯಲ್ಲ. ತೊಳೆದಂತೆ ಹೋಗುವುದರಿಂದ ಮತ್ತೆ ಮತ್ತೆ ಹಚ್ಚುತ್ತಿರಬೇಕು. ತಿನ್ನಲು ಯೋಗ್ಯವಾದ ಅಗಸೆ ಎಣ್ಣೆ ಮರದೊಳಗೇ ಗಟ್ಟಿಯಾಗುತ್ತದೆ. ಬಣ್ಣದ ಅಂಗಡಿಯ ಬಾಯಿಲ್ಡ್ ಲಿನ್‌ಸೀಡ್ (ಅದೂ ಅಗಸೆಯದೇ) ಎಣ್ಣೆ ಬೇಡ, ಬೇಗ ಒಣಗಲೆಂದು ಅದಕ್ಕೆ ಲೋಹದ ಲವಣಗಳನ್ನು ಸೇರಿಸಿರುತ್ತಾರೆ. ಎಣ್ಣೆಗೆ ಮೊದಲು ಸೌಟನ್ನು ನೀರಿನಲ್ಲಿ ಅದ್ದಿ ಒಣಗಿಸಿದರೆ ಎಳೆಗಳು ಒರಟಾಗಿ ಎದ್ದು ನಿಲ್ಲುತ್ತವೆ; ಅವನ್ನು 320ರ ಸ್ಯಾಂಡ್ ಪೇಪರಿನಿಂದ ಉಜ್ಜಿ ತೆಗೆಯಿರಿ. ಹಲಸು ಹೊಸದರಲ್ಲಿ ಬಿಸಿನೀರಿಗೆ ತುಸು ಹಳದಿ ಬಿಡುವುದುಂಟು, ಗಾಬರಿ ಬೇಡ.

ಮುಂದೆ ಬೇರೆ ಮರ ಹುಡುಕುವುದಾದರೆ ಕಾಸರಕವನ್ನು ಮುಟ್ಟಬೇಡಿ, ಅದು ವಿಷದ ಮರ. ಹೊಲಗೇರಿನ ಸೊನೆ ತಾಗಿದರೆ ಮೈಯೆಲ್ಲ ಬೊಬ್ಬೆ ಏಳುತ್ತದೆ. ಹೊನ್ನೆ ಗಟ್ಟಿ ಮರವೇ ಆದರೂ ನೀರಿಗೆ ಬಣ್ಣ ಬಿಡುತ್ತದೆ.

ಪ್ರಶ್ನಿಸಿದವರು: ಮಲೆನಾಡಿಗ, ಸಿರ್ಸಿ

ಮೂವರಿಗೂ ಧನ್ಯವಾದಗಳು. ಶಾಯಿಯ ಹನಿ ಬಿಟ್ಟು ನೋಡಿದೆ. ಮುರಿದವುಗಳಲ್ಲೆಲ್ಲ ಎಳೆ ಓರೆಯಾಗಿಯೇ ಇತ್ತು. ಮಳೆಗಾಲದಲ್ಲಿ ಅಗಸೆ ಎಣ್ಣೆ ಒಣಗುತ್ತದೆಯೇ?

ಉತ್ತರ: ಕಾಳಿ ಅಳಿವೆ, ಕಾರವಾರ

ಒಣಗುತ್ತದೆ, ಆದರೆ ಬಹಳ ನಿಧಾನ. ಸಾಧ್ಯವಾದರೆ ಮೇ ತಿಂಗಳೊಳಗೆ ಮುಗಿಸಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅಗಸೆ ಎಣ್ಣೆ ಒಣಗುವಾಗ ಹುಟ್ಟುವ ಬಿಸಿಗೆ ಅದು ತಾನಾಗಿಯೇ ಹೊತ್ತಿಕೊಳ್ಳಬಹುದು. ಹೊರಗೆ ಹರವಿ ಒಣಗಿಸಿ.