ಪದಚರ್ಚೆ: ‘ನೀಲಿ ಮೆಕ್ಕೆಜೋಳದ ಪ್ಯಾನ್‌ಕೇಕ್’ ಎಂಬುದಕ್ಕೆ ಕನ್ನಡದ ಮಾತು ಬೇಕಾಗಿದೆ

ಪ್ರಶ್ನೆ (ಆಲ್ಬುಕರ್ಕಿ, ನ್ಯೂ ಮೆಕ್ಸಿಕೊ)

ಬಲ್ಲವರಿಗೆ ನಮಸ್ಕಾರ. ಮಕ್ಕಳ ಮನೆಗೆಂದು ಊರಿನಿಂದ ಇಲ್ಲಿಗೆ ಬಂದಿರುವ ಕನ್ನಡದ ಹಿರಿಯರಿಗಾಗಿ, ಈ ಸೀಮೆಯ ಅಡುಗೆಗಳನ್ನು ಮನೆಯಲ್ಲೇ ಮಾಡಿಕೊಳ್ಳುವ ಬಗೆಯನ್ನು ತಿಳಿಸುವ ಪುಟ್ಟ ಕೈಪಿಡಿಯೊಂದನ್ನು ಸಿದ್ಧಪಡಿಸುತ್ತಿದ್ದೇವೆ. ಅದು ಶುಕ್ರವಾರ ಅಚ್ಚಿಗೆ ಹೋಗುತ್ತದೆ; ಶನಿವಾರ ಅಡುಗೆ ಮಾಡಿ ತೋರಿಸುವ ಮೇಜಿನ ಮುಂದೆ ಇಡಲು ಒಂದು ಫಲಕವೂ ಬೇಕು.

ತಿನಿಸು ಇಂಥದ್ದು: ನೀಲಿ ಬಣ್ಣದ ಮೆಕ್ಕೆಜೋಳವನ್ನು ಬೀಸಿದ ಹಿಟ್ಟು ಒಂದು ಬಟ್ಟಲು, ಮೈದಾ ಒಂದು ಬಟ್ಟಲು, ಬೇಕಿಂಗ್ ಪೌಡರ್ ಎರಡು ಚಮಚ, ಅಡುಗೆ ಸೋಡಾ ಅರ್ಧ ಚಮಚ, ಒಂದು ಮೊಟ್ಟೆ, ಕರಗಿಸಿದ ಬೆಣ್ಣೆ, ಹಿಟ್ಟು ಹದವಾಗಿ ಸುರಿಯುವಷ್ಟು ಗಟ್ಟಿ ಮಜ್ಜಿಗೆ. ಕಾದ ಕಾವಲಿಯ ಮೇಲೆ ಅಂಗೈಯಗಲ ಹುಯ್ದು, ಮೇಲೆ ಗುಳ್ಳೆಗಳು ಒಡೆದಾಗ ಮಗುಚಿ, ಜೇನಿನೊಡನೆ ತಿನ್ನುತ್ತಾರೆ. ಪಿನ್ಯೋನ್ ಎಂಬ ಪೈನ್ ಮರದ ಬೀಜಗಳನ್ನು ಮೇಲೆ ಉದುರಿಸುವುದೂ ಇಲ್ಲಿಯ ರೂಢಿ.

ನನ್ನ ತೊಡಕು ಹೆಸರಿನಲ್ಲಿ ಮಾತ್ರವಲ್ಲ, ಹಿಟ್ಟಿನಲ್ಲೂ ಇದೆ. ‘ಜೋಳದ ಹಿಟ್ಟು’ ಎಂದರೆ ಕಲಬುರಗಿಯಿಂದ ಬಂದ ತಾಯಿ ಬಿಳಿಜೋಳದ ಹಿಟ್ಟನ್ನೇ ನೆನೆಯುತ್ತಾರೆ. ‘ಕಾರ್ನ್ ಫ್ಲೋರ್’ ಎಂದರೆ ನಮ್ಮ ಅಂಗಡಿಗಳಲ್ಲಿ ಸಾರು ಗಟ್ಟಿ ಮಾಡುವ ಬಿಳಿಯ ಪಿಷ್ಟದ ಪುಡಿ ಬರುತ್ತದೆ. ಇಲ್ಲಿ ಬೇಕಾದದ್ದು ಇಡೀ ಕಾಳನ್ನು ಸ್ವಲ್ಪ ತರಿಯುಳಿಯುವಂತೆ ಬೀಸಿದ್ದು. ಅದರ ಪಕ್ಕದಲ್ಲೇ, ಸುಣ್ಣದ ನೀರಿನಲ್ಲಿ ಬೇಯಿಸಿ ಬೀಸಿದ ಇನ್ನೊಂದು ನೀಲಿ ಹಿಟ್ಟಿನ ಪೊಟ್ಟಣವೂ ಇರುತ್ತದೆ; ಅದು ಟೊರ್ಟಿಯಾ ಎಂಬ ತೆಳುರೊಟ್ಟಿಗೆ ಒದಗುವುದು. ಎರಡನ್ನೂ ಬೇರೆಬೇರೆಯಾಗಿ ಹೆಸರಿಸದಿದ್ದರೆ ಓದಿದವರು ತಪ್ಪು ಪೊಟ್ಟಣ ತರುತ್ತಾರೆ. ಫಲಕದ ಮೇಲೆ ಮೂರು ನಾಲ್ಕು ಪದಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ.

ಉತ್ತರ (ಬೆಂಗಳೂರು)

‘ನೀಲಿ ಕಾರ್ನ್ ಪ್ಯಾನ್‌ಕೇಕ್’ ಎಂದು ಬರೆದು ಮುಗಿಸಿ. ಕಾಫಿಗೆ, ಕೇಕಿಗೆ, ಬಿಸ್ಕತ್ತಿಗೆ ಯಾರೂ ಕನ್ನಡ ಹುಡುಕಲಿಲ್ಲ. ತಿನ್ನುವವರಿಗೆ ರುಚಿ ಮುಖ್ಯ. ಇದು ಚರ್ಚೆಗೆ ತಕ್ಕ ಪ್ರಶ್ನೆಯೇ ಅಲ್ಲ.

ಉತ್ತರ (ಮೈಸೂರು)

ಚರ್ಚೆಗೆ ತಕ್ಕ ಪ್ರಶ್ನೆಯೇ ಹೌದು. ಮೊದಲು ‘ಮೆಕ್ಕೆಜೋಳ’ ಎಂಬುದನ್ನು ಬಿಡಿ. ‘ಮೆಕ್ಕೆ’ ಎಂಬುದು ಹಿಂದಿಯ ‘ಮಕ್ಕಾ’, ‘ಮಕಾಯಿ’ಗಳ ನೆರಳು, ಮೆಕ್ಕಾದಿಂದ ಬಂದದ್ದೆಂಬ ಜನರ ತಿಳಿವಳಿಕೆಯನ್ನು ಹೊತ್ತುಕೊಂಡು ತಿರುಗುವ ಹೆಸರು. ನಮ್ಮದೇ ‘ಮೆಕ್ಕೆಕಾಯಿ’ ಸೌತೆಯ ಜಾತಿಯ ಬಳ್ಳಿಯ ಕಾಯಿ. ಅದಕ್ಕೂ ಈ ತೆನೆಗೂ ಸಂಬಂಧವಿಲ್ಲ. ತೆನೆಯ ಮೇಲೆ ಸಿಪ್ಪೆಯ ಮುಸುಕಿರುವುದನ್ನು ಕಂಡು ನಮ್ಮ ರೈತರು ಇಟ್ಟ ಹೆಸರು ‘ಮುಸುಕಿನ ಜೋಳ’. ಕಂಡದ್ದನ್ನು ಕಂಡಂತೆ ಹೇಳುವ ಇಂಥ ಮಾತಿರುವಾಗ ಎರವಲು ಏಕೆ?

ಎರಡನೆಯದಾಗಿ, ‘ನೀಲಿ’ ಸಂಸ್ಕೃತದ್ದು. ಕನ್ನಡದ ಪದದೊಂದಿಗೆ ಅದನ್ನು ಬೆಸೆದರೆ ಅರಿಸಮಾಸವಾಗುತ್ತದೆ. ಹಾಗೆ ಬೆರೆಸುವುದು ಮರಳುವ ಹಾಲಿಗೆ ಮಜ್ಜಿಗೆಯ ಹನಿ ಬಿಟ್ಟಂತೆ ಎಂದು ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲೇ ಎಚ್ಚರಿಸಿದೆ.

ಮೂರನೆಯದಾಗಿ, ಸೋಮನಾಥಪುರದ ಕೇಶವ ದೇವಾಲಯದ ವಿಗ್ರಹಗಳ ಕೈಯಲ್ಲಿ ಈ ತೆನೆಯೇ ಇದೆ ಎಂದು 1989ರಲ್ಲಿ ಜೊಹಾನೆಸನ್ ಮತ್ತು ಪಾರ್ಕರ್ ಅವರು ಬರೆದಿದ್ದಾರೆ. ಹೊಯ್ಸಳರ ಕಾಲಕ್ಕೇ ನಾವು ಬಲ್ಲ ಬೆಳೆಗೆ ಹಳೆಯ ಕನ್ನಡ ಹೆಸರು ಇದ್ದೇ ಇರಬೇಕು. ಹುಡುಕುವ ಮನಸ್ಸು ಬೇಕು.

ಉತ್ತರ (ಹಾವೇರಿ)

ಸೋಮನಾಥಪುರದ ಮಾತನ್ನು ಇಲ್ಲಿಗೇ ನಿಲ್ಲಿಸೋಣ. ಆ ವಾದಕ್ಕೆ 1993ರಲ್ಲೇ ಪಯಕ್ ಮತ್ತು ಸಚಾನ್ ಅವರು ಉತ್ತರ ಕೊಟ್ಟು, ವಿಗ್ರಹದ ಕೈಯಲ್ಲಿರುವುದು ಮುತ್ತುಗಳಿಂದ ಕೂಡಿದ ಮುಕ್ತಾಫಲವೆಂಬ ಕಲ್ಪಿತ ಫಲವೇ ಹೊರತು ತೆನೆಯಲ್ಲವೆಂದು ವಿವರಿಸಿದ್ದಾರೆ. ಬೆಳೆ ಅಮೆರಿಕ ಖಂಡದ್ದು. ಕೊಲಂಬಸನ 1492ರ ಯಾನದ ಬಳಿಕ ಹೊರಗಿನ ಜಗತ್ತಿಗೆ ಹರಡಿದ್ದು. ಹೋದಲ್ಲೆಲ್ಲ ಅದಕ್ಕೆ ದೂರದ ಯಾವುದೋ ನಾಡಿನ ಹೆಸರು ಅಂಟಿಕೊಂಡಿದೆ: ತುರ್ಕರು ಅದನ್ನು ಈಜಿಪ್ಟಿನ ಹೆಸರಾದ ‘ಮಿಸಿರ್’ ಎಂದು ಕರೆದರೆ, ಇಟಲಿಯವರು ತುರ್ಕರ ಕಾಳು ಎಂದು ಕರೆದರು. ‘ಮೆಕ್ಕೆ’ ಮೆಕ್ಕಾದಿಂದಲೇ ಬಂದಿದ್ದರೂ ಅದು ಲೋಕರೂಢಿಗೆ ಹೊರತಾದ ಅಪರಾಧವೇನಲ್ಲ.

ನಮ್ಮ ಕಡೆ ಇದು ಗೋವಿನಜೋಳ. ಬೆಳೆಯುವವರು ನಾವು, ನಮ್ಮ ಮಾತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಾಗಿದ್ದರೂ ಕೈಪಿಡಿಯಲ್ಲಿ ‘ಮೆಕ್ಕೆಜೋಳ’ ಇರಲಿ ಎಂದೇ ನಾನು ಹೇಳುತ್ತೇನೆ, ಏಕೆಂದರೆ ಪಠ್ಯಪುಸ್ತಕದಲ್ಲೂ ಮಾರುಕಟ್ಟೆಯ ದರಪಟ್ಟಿಯಲ್ಲೂ ಅದೇ ಇದೆ, ಬೀದರಿನವರಿಗೂ ಚಾಮರಾಜನಗರದವರಿಗೂ ಅದು ತಿಳಿಯುತ್ತದೆ. ಬರೇ ‘ಜೋಳ’ ಎಂದು ಮಾತ್ರ ಬರೆಯಬೇಡಿ. ನಮ್ಮಲ್ಲಿ ಅದು ರೊಟ್ಟಿಯ ಜೋಳ.

ಉತ್ತರ (ಶಿರಸಿ)

ಅಚ್ಚಿಗೆ ಹೋಗುವುದು ಶುಕ್ರವಾರವೆಂದು ಕೇಳಿದವರು ಹೇಳಿದ್ದಾರೆ. ಆದ್ದರಿಂದ ತಿನಿಸಿನ ಹೆಸರನ್ನೇ ಮೊದಲು ತೆಗೆದುಕೊಳ್ಳುತ್ತೇನೆ.

ನಮ್ಮ ಅಡುಗೆಮನೆಯಲ್ಲಿ ತಿನಿಸಿನ ಹೆಸರನ್ನು ಬಹುಮಟ್ಟಿಗೆ ಕೈಯ ಕೆಲಸವೇ ತೀರ್ಮಾನಿಸುತ್ತದೆ. ಹಿಟ್ಟನ್ನು ಕಲಸಿ, ತಟ್ಟಿ ಅಥವಾ ಬಡಿದು ಬೇಯಿಸಿದರೆ ಅದು ರೊಟ್ಟಿ. ತೆಳ್ಳಗೆ ಮಾಡಿಕೊಂಡು ಕಾವಲಿಯ ಮೇಲೆ ಹುಯ್ದರೆ, ನಮ್ಮ ಕಡೆಯ ಮಾತಿನಲ್ಲಿ ಎರೆದರೆ, ಅದು ದೋಸೆ. ಕೇಳಿದವರೇ ಅರಿವಿಲ್ಲದೆ ‘ಹುಯ್ದು’ ಎಂಬ ಕ್ರಿಯಾಪದವನ್ನು ಬಳಸಿದ್ದಾರೆ; ಅಲ್ಲಿಗೆ ಪದ ಸಿಕ್ಕಿತೆಂದೇ ನಾನು ತಿಳಿಯುತ್ತೇನೆ. ಹುಳಿ ಬರಿಸದ ಹಿಟ್ಟು ದೋಸೆಯಾಗುವುದೇ ಎಂದು ಯಾರಾದರೂ ಕೇಳಬಹುದು. ನೀರುದೋಸೆಗೆ, ಗೋಧಿದೋಸೆಗೆ, ದಿಢೀರನೆ ಹುಯ್ಯುವ ರವೆದೋಸೆಗೆ ಹುಳಿ ಬರಿಸುವ ಕೆಲಸವಿಲ್ಲ; ಆದರೂ ಅವು ದೋಸೆಗಳೇ. ಮೊಟ್ಟೆ, ಬೇಕಿಂಗ್ ಪೌಡರ್ ಸೇರಿ ಉಬ್ಬಿಬರುವುದರಿಂದ ‘ದಪ್ಪದೋಸೆ’ ಎಂದರೆ ಆಕಾರವೂ ಕಣ್ಣಿಗೆ ಕಟ್ಟುತ್ತದೆ.

ನಮ್ಮ ಕಡೆಯ ತೆಳುವಾದ ದೋಸೆಯ ಹೆಸರಾದ ‘ತೆಳ್ಳೇವು’ ಎಂದು ಬರೆಯಿರಿ ಎಂಬ ಸಲಹೆ ಹೇಗೂ ಬರುತ್ತದೆ, ಬರುವ ಮೊದಲೇ ಹೇಳುತ್ತೇನೆ: ಬೇಡ. ಆ ಮಾತು ಹೊಂದುವ ತಿನಿಸು ಆ ಸೀಮೆಯಲ್ಲಿ ಬೇರೆಯೇ ಇದೆ. ಅರಿಜೋನಾದ ಹೋಪಿ ಜನರು ನೀಲಿ ಜೋಳದ ನುಣ್ಣನೆಯ ಹಿಟ್ಟನ್ನು ಬೂದಿ ಬೆರೆಸಿದ ನೀರಿನಲ್ಲಿ ಕಲಸಿ, ಕಾದ ಚಪ್ಪಟೆ ಕಲ್ಲಿನ ಮೇಲೆ ಬರಿಗೈಯಿಂದ ಸವರಿ, ಕಾಗದದಷ್ಟು ತೆಳುವಾದ ಹಾಳೆಯನ್ನು ಎತ್ತಿ ಸುರುಳಿ ಸುತ್ತುತ್ತಾರೆ. ಅದರ ಹೆಸರು ಪೀಕಿ. ಅದನ್ನು ಕನ್ನಡಿಸಲೇಬಾರದು, ಪೀಕಿ ಎಂದೇ ಬರೆಯಬೇಕು, ಏಕೆಂದರೆ ಅದು ಆ ಜನರ ಆಚರಣೆಗಳೊಂದಿಗೆ ಬೆಸೆದುಕೊಂಡಿರುವ ತಿನಿಸು. ಗೋಧಿಯ ಮೈದಾ ಮತ್ತು ಬೇಕಿಂಗ್ ಪೌಡರ್ ಸೇರಿದ ಈ ದಪ್ಪದೋಸೆ ಬಹಳ ಈಚಿನದು. ಎರಡನ್ನೂ ಒಂದೇ ಹೆಸರಿನ ಕೆಳಗೆ ತರುವುದು ಅವರಿಗೆ ಮಾಡುವ ಅನ್ಯಾಯ.

ಇನ್ನು ‘ನೀಲಿ’. ಮೈಸೂರಿನ ಮಿತ್ರರು ಹೇಳುವ ಅರಿಸಮಾಸದ ದೋಷ ಇಲ್ಲಿ ತಗಲುವುದೇ ಇಲ್ಲ. ‘ನೀಲಿ’ ಇಲ್ಲಿ ಬಿಡಿಯಾಗಿ ನಿಂತ ವಿಶೇಷಣ. ಯಾವ ಪದದೊಂದಿಗೂ ಬೆಸೆದುಕೊಂಡಿಲ್ಲ. ಕಾವಲಿಯ ಮೇಲಿನ ದೋಸೆ ಬೂದುಗಪ್ಪಾಗಿ ಅಥವಾ ನೇರಳೆಯಾಗಿ ಕಾಣುವುದರಿಂದ ‘ಕರಿ’ ಎನ್ನೋಣವೇ ಎಂಬ ಯೋಚನೆಯನ್ನೂ ಬಿಡಬೇಕು. ಈ ಕಾಳಿನ ಬಣ್ಣವಿರುವುದು ಹೊರಸಿಪ್ಪೆಯ ಒಳಗಿನ ತೆಳುಪದರದಲ್ಲಿ. ಅದರೊಳಗಿನ ಹಿಟ್ಟು ಬಿಳಿ. ಬೀಸಿದಾಗ ಎರಡೂ ಬೆರೆತು ಬೂದುಮಿಶ್ರಿತ ನೀಲಿಯಾಗುತ್ತದೆ. ಬಣ್ಣ ಕೊಡುವ ಆಂಥೊಸಯನಿನ್ ಎಂಬ ವಸ್ತು ಹುಳಿಗೆ ಕೆಂಪಿನತ್ತ, ಕ್ಷಾರಕ್ಕೆ ನೀಲಿ ಹಸಿರಿನತ್ತ ತಿರುಗುತ್ತದೆ. ಆದ್ದರಿಂದಲೇ ಮಜ್ಜಿಗೆ ಹೆಚ್ಚಾದರೆ ಹಿಟ್ಟು ನೇರಳೆಗೆ ಹೊರಳುತ್ತದೆ, ಸೋಡಾ ಹೆಚ್ಚಾದರೆ ಹಸಿರು ಇಣುಕುತ್ತದೆ. ಡಿನೆ ಜನರು, ಅಂದರೆ ಹೊರಗಿನವರು ನವಾಹೊ ಎನ್ನುವವರು, ಜುನಿಪರ್ ಗಿಡದ ಬೂದಿಯನ್ನು ನೀಲಿ ಜೋಳದ ಅಂಬಲಿಗೆ ಬೆರೆಸುತ್ತಾರೆ. ಬೂದಿಯ ಕ್ಷಾರದಿಂದ ನೀಲಿ ನಿಲ್ಲುತ್ತದೆ, ಸುಣ್ಣದ ಅಂಶವೂ ಮೈಗೆ ಸೇರುತ್ತದೆ. ಹೋಪಿಯವರಲ್ಲಿ ದಿಕ್ಕಿಗೊಂದು ಬಣ್ಣದ ಜೋಳವಿದ್ದು, ನೀಲಿ ನೈಋತ್ಯಕ್ಕೆ ಸಲ್ಲುತ್ತದೆ. ಹೀಗಿರುವಾಗ ನೀಲಿ ಎಂಬುದು ಬೆಳೆದವರೇ ಕೊಟ್ಟ ಹೆಸರು. ನಮ್ಮ ಕಣ್ಣಿಗೆ ಹೇಗೆ ಕಂಡಿತೆಂದು ಅದನ್ನು ತಿದ್ದುವ ಹಕ್ಕು ನಮಗಿಲ್ಲ.

ಹಿಟ್ಟಿನ ವಿಷಯ: ದೋಸೆಯದಕ್ಕೆ ‘ತರಿಹಿಟ್ಟು’, ಟೊರ್ಟಿಯಾದ್ದಕ್ಕೆ ‘ಸುಣ್ಣದಲ್ಲಿ ಬೇಯಿಸಿದ ಹಿಟ್ಟು’. ಎರಡನೆಯದನ್ನು ಮೊಟಕುಗೊಳಿಸಬೇಡಿ, ‘ಸುಣ್ಣದ ಹಿಟ್ಟು’ ಎಂದರೆ ಓದಿದವರು ಹೆದರಿಯಾರು. ಅದು ಎಲೆಗೆ ಹಚ್ಚುವ ಸುಣ್ಣವೇ ಎಂದೂ, ಬೇಯಿಸಿದ ಮೇಲೆ ಕಾಳನ್ನು ತೊಳೆಯುತ್ತಾರೆಂದೂ ಒಂದು ಸಾಲು ಸೇರಿಸಿ.

ಉತ್ತರ (ಮೈಸೂರು)

‘ದೋಸೆ’ಯ ಬಗ್ಗೆ ನನ್ನ ತಕರಾರಿಲ್ಲ, ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯ ಸೋಮೇಶ್ವರನು ‘ಧೋಸಕ’ ಎಂದು ಸಂಸ್ಕೃತಕ್ಕೆ ಕೊಂಡೊಯ್ದ ಮಾತು ಅದು. ಆದರೆ ರೂಢಿಯಲ್ಲಿದೆ ಎಂಬ ಒಂದೇ ಕಾರಣಕ್ಕೆ ಬಂದದ್ದನ್ನೆಲ್ಲ ಒಪ್ಪುವುದಾದರೆ, ನಾಳೆ ‘ಫ್ಲಿಪ್ ಮಾಡಿ’ ಎಂಬುದನ್ನೂ ಒಪ್ಪಬೇಕಾಗುತ್ತದೆ, ‘ಮಗುಚು’ ಎಂಬ ಮಾತು ಮೊಮ್ಮಕ್ಕಳಿಗೆ ತಿಳಿಯದೇ ಹೋಗುತ್ತದೆ. ‘ಮುಸುಕಿನ ಜೋಳ’ವನ್ನು ನಾನು ಬಿಟ್ಟುಕೊಡುವುದಿಲ್ಲ.

ಉತ್ತರ (ಹಾವೇರಿ)

‘ಮಗುಚು’ ಉಳಿಯಬೇಕು, ಒಪ್ಪಿದೆ. ಅದಕ್ಕಾಗಿ ‘ಮೆಕ್ಕೆ’ಯನ್ನು ಹೊರಹಾಕಬೇಕಾಗಿಲ್ಲ. ಸಂಸ್ಕೃತದ ತತ್ಸಮಗಳನ್ನು ಬಿಟ್ಟು ಕಾವ್ಯ ಬರೆದ ಆಂಡಯ್ಯನೇ ತದ್ಭವಗಳನ್ನು ಧಾರಾಳವಾಗಿ ಬಳಸಿದ್ದಾನೆ. ಕನ್ನಡದ ಬಾಯಿಗೆ ಒಗ್ಗಿದ ಮಾತು ಕನ್ನಡದ್ದೇ ಎಂಬುದು ಅವನ ನಡೆಯಲ್ಲೇ ಇದೆ. ‘ಜೋಳ’ವನ್ನೇ ಕೆಲವರು ಸಂಸ್ಕೃತದ ‘ಯವನಾಲ’ದಿಂದ ಬಿಡಿಸುತ್ತಾರೆ, ಕೆಲವರು ತಮಿಳಿನ ‘ಚೋಳಂ’ ಜೊತೆಗಿಟ್ಟು ದ್ರಾವಿಡವೆನ್ನುತ್ತಾರೆ. ಆ ವ್ಯಾಜ್ಯ ತೀರುವವರೆಗೆ ರೊಟ್ಟಿ ಬಡಿಯುವುದನ್ನು ನಿಲ್ಲಿಸುತ್ತೀರಾ?

ಪ್ರಶ್ನೆ ಕೇಳಿದವರಿಂದ (ಆಲ್ಬುಕರ್ಕಿ)

ಎಲ್ಲರಿಗೂ ಕೃತಜ್ಞತೆಗಳು. ಫಲಕದ ಮೇಲೆ ‘ನೀಲಿ ಮೆಕ್ಕೆಜೋಳದ ದಪ್ಪದೋಸೆ’ ಎಂದು ಬರೆಸುತ್ತಿದ್ದೇನೆ. ಅಂಗಡಿಯಲ್ಲಿ ಕೇಳಲು ನೆರವಾಗಲೆಂದು ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಪ್ಯಾನ್‌ಕೇಕ್’ ಎಂದೂ ಇರುತ್ತದೆ. ಕೈಪಿಡಿಯ ಮೊದಲ ಸಾಲಿನಲ್ಲಿ ‘ಮೆಕ್ಕೆಜೋಳವನ್ನು ಮುಸುಕಿನ ಜೋಳ, ಗೋವಿನಜೋಳ ಎಂದೂ ಕರೆಯುತ್ತಾರೆ’ ಎಂದು ಸೇರಿಸಿದ್ದೇನೆ. ಹಿಟ್ಟಿಗೆ ‘ತರಿಹಿಟ್ಟು’ ಎಂದೇ ಇಟ್ಟು, ‘ಕಾರ್ನ್ ಫ್ಲೋರ್ ಎಂಬ ಬಿಳಿಯ ಪುಡಿ ಇದಲ್ಲ’ ಎಂಬ ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಹಾಕಿಸುತ್ತೇನೆ. ಪೀಕಿಯನ್ನು ಬೇರೆ ಪುಟದಲ್ಲಿ, ಅದರ ಹೆಸರಿನಲ್ಲೇ, ಹೋಪಿ ಜನರದೆಂದು ಹೇಳಿ ಪರಿಚಯಿಸಿದ್ದೇನೆ; ಮನೆಯಲ್ಲಿ ಮಾಡುವ ವಿಧಾನವನ್ನು ಅಲ್ಲಿ ಕೊಟ್ಟಿಲ್ಲ.

ಒಂದು ಪದ ಇನ್ನೂ ಉಳಿದಿದೆ. ಇಲ್ಲಿಯ ‘ಬಟರ್‌ಮಿಲ್ಕ್’ ನಮ್ಮ ನೀರುಮಜ್ಜಿಗೆಯಂತಲ್ಲ, ಹೆಪ್ಪು ಹಾಕಿ ಮಾಡಿದ ಗಟ್ಟಿಯಾದ ಹುಳಿ ಹಾಲು. ಪ್ರಶ್ನೆಯಲ್ಲಿ ‘ಗಟ್ಟಿ ಮಜ್ಜಿಗೆ’ ಎಂದಿದ್ದೆ. ಆದರೆ ಹಿರಿಯರು ಅಭ್ಯಾಸಬಲದಿಂದ ನೀರು ಬೆರೆಸಿಬಿಟ್ಟರೆ ಹಿಟ್ಟು ಕಾವಲಿಯ ಮೇಲೆ ಹರಿದುಹೋಗುತ್ತದೆ. ‘ಕಡೆದ ಮೊಸರು’ ಎಂದರೆ ಹದ ಸರಿಯಾಗಿ ತಿಳಿಯುತ್ತದೆಯೇ, ಅಥವಾ ಬೆಣ್ಣೆ ತೆಗೆಯಬೇಕೆಂಬ ಅರ್ಥ ಬರುತ್ತದೆಯೇ? ಗುರುವಾರ ರಾತ್ರಿಯೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ (ಶಿರಸಿ)

‘ಕಡೆದ’ ಎಂದರೆ ಬೆಣ್ಣೆ ತೆಗೆದದ್ದೆಂದೇ ನಮ್ಮಲ್ಲಿ ಅರ್ಥ. ‘ನೀರು ಹಾಕದೆ ಗೊಟಾಯಿಸಿದ ಹುಳಿಮೊಸರು’ ಎಂದು ಬರೆಯಿರಿ. ಉದ್ದವಾದರೂ ಅಡ್ಡಿಯಿಲ್ಲ, ಅದು ಕೈಪಿಡಿಯೊಳಗಿನ ಮಾತು, ಫಲಕದ್ದಲ್ಲ.