ಗಿಟ್ ಕಲಿಯೋದಾ, ಬೇರೆ ಏನಾದ್ರೂ ನೋಡೋದಾ? ಬಳಸಿದವರು ಅನುಭವ ಹೇಳಿ

ಹೊಸಕಡತ (ಪ್ರಶ್ನೆ):
ನಮ್ಮದು ಸಣ್ಣ ತಂಡ. ಇಬ್ಬರು ಕೋಡ್ ಬರೆಯುತ್ತೇವೆ, ಒಬ್ಬರು ಚಿತ್ರ ಮತ್ತು ಆನಿಮೇಶನ್ ಮಾಡುತ್ತಾರೆ, ಇನ್ನೊಬ್ಬರು ಬಳಕೆದಾರರ ಕೈಪಿಡಿ ಬರೆಯುತ್ತಾರೆ. ಈಗ ಎಲ್ಲವೂ ಒಂದು ಹಂಚಿಕೆಯ ಫೋಲ್ಡರಿನಲ್ಲಿದೆ. ಅದರೊಳಗೆ 'ಫೈನಲ್', 'ಫೈನಲ್_ಹೊಸದು', 'ಇದೇ_ಫೈನಲ್' ಅಂತ ಇವೆ. ಯಾವುದು ನಿಜವಾದದ್ದು ಅಂತ ತಾರೀಕು ನೋಡಿ ಊಹೆ ಮಾಡಬೇಕು. ವರ್ಷನ್ ಕಂಟ್ರೋಲ್ (ಫೈಲ್‌ಗಳ ಪ್ರತಿ ಬದಲಾವಣೆಯ ಲೆಕ್ಕ ಇಡುವ ಸಾಫ್ಟ್‌ವೇರ್, ಗಿಟ್ ಥರದ್ದು) ಹಾಕಲೇಬೇಕು ಅಂತ ಎಲ್ಲರೂ ಒಪ್ಪಿದ್ದೇವೆ. ಆದರೆ ಗಿಟ್ ಕಷ್ಟ ಅಂತ ಹೆದರಿಸುವವರೇ ಜಾಸ್ತಿ. ಕೋಡ್ ಗೊತ್ತಿಲ್ಲದ ಇಬ್ಬರಿಗೂ ಒಗ್ಗುವಂಥದ್ದು ಯಾವುದು?

ಹಳೇಹುಲಿ:
ಎಸ್‌ವಿಎನ್ (ಸಬ್‌ವರ್ಷನ್, ಇತಿಹಾಸವನ್ನು ಒಂದೇ ಸರ್ವರಿನಲ್ಲಿಡುವ ವರ್ಷನ್ ಕಂಟ್ರೋಲ್) ಹಾಕಿ, ನೆಮ್ಮದಿಯಾಗಿರಿ. 2004ರಲ್ಲಿ 1.0 ಬಂದಾಗಿನಿಂದ ಬಳಸಿದ್ದೇನೆ. ಬೇರೆಯವರ ಬದಲಾವಣೆ ತರಲು ಅಪ್‌ಡೇಟ್, ನಮ್ಮದನ್ನು ದಾಖಲಿಸಲು ಕಮಿಟ್, ಅಷ್ಟೇ. ರಿವಿಷನ್‌ಗೆ, ಅಂದರೆ ದಾಖಲಾದ ಪ್ರತಿ ಆವೃತ್ತಿಗೆ, ಸಾದಾ ನಂಬರ್ ಇರುತ್ತದೆ. ಫೋನಿನಲ್ಲಿ '612ರಲ್ಲಿ ಸರಿ ಇತ್ತು, 613ರಲ್ಲಿ ಕೆಟ್ಟಿದೆ' ಅಂದರೆ ಆ ಕಡೆಯವರಿಗೆ ತಕ್ಷಣ ಗೊತ್ತಾಗುತ್ತದೆ. ಗಿಟ್‌ನಲ್ಲಿ ಕಮಿಟ್‌ನ ಗುರುತಾಗಿರುವ ನಲವತ್ತು ಅಕ್ಷರದ ಹ್ಯಾಶ್ ಓದಿ ಹೇಳುತ್ತೀರಾ?

ಸುಖವಾಗಿಯೇ ಇತ್ತು ಅಂತ ಸುಳ್ಳು ಹೇಳಲ್ಲ. 2008ರಲ್ಲಿ 1.5 ಬರುವವರೆಗೆ ಯಾವ ರಿವಿಷನ್ ಯಾವ ಬ್ರಾಂಚಿಗೆ (ಬೇರೆಯಾಗಿ ಸಾಗುವ ಕೆಲಸದ ಎಳೆಗೆ) ಮರ್ಜ್ ಆಗಿದೆ, ಅಂದರೆ ಸೇರಿದೆ, ಅನ್ನುವ ಲೆಕ್ಕವನ್ನು ಅದು ಇಡುತ್ತಿರಲಿಲ್ಲ. ನಾವೇ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆವು. ಒಬ್ಬ ನೋಟ್‌ಬುಕ್ ನೋಡದೆ ಅದೇ ರೇಂಜನ್ನು ಇನ್ನೊಮ್ಮೆ ಮರ್ಜ್ ಮಾಡಿದ. ಕಾನ್‌ಫ್ಲಿಕ್ಟ್ (ಒಂದೇ ಜಾಗದ ಎರಡು ಬದಲಾವಣೆಗಳ ತಿಕ್ಕಾಟ) ಬಂದ ಕಡೆ ಬಿಡಿಸಿಕೊಂಡೆವು. ಬರದೇ ಇದ್ದ ಕಡೆ ಒಂದೇ ಕೋಡ್ ಎರಡೆರಡು ಸಲ ಕೂತಿತ್ತು. ಅದನ್ನು ಹುಡುಕುವುದರಲ್ಲೇ ರಿಲೀಸ್ ಮುಂದಕ್ಕೆ ಹೋಯಿತು.

ಆಮೇಲೆ ಮೇಲಿನವರು 'ಎಲ್ಲರೂ ಗಿಟ್‌ಗೆ ಹೋಗುತ್ತಿದ್ದಾರೆ' ಅಂತ ಬದಲಾಯಿಸಿದರು. ಒಬ್ಬ ಹುಡುಗ ವಾರವಿಡೀ ಕಮಿಟ್ ಮಾಡಿದ್ದ, ಶುಕ್ರವಾರ ಅವನ ಲ್ಯಾಪ್‌ಟಾಪಿನ ಡಿಸ್ಕ್ ಹೋಯಿತು. ಪುಷ್ ಮಾಡಿರಲಿಲ್ಲ, ಅಂದರೆ ಸರ್ವರಿಗೆ ಕಳಿಸಿರಲಿಲ್ಲ. ಕಮಿಟ್ ಅಂದರೆ ಸರ್ವರಿಗೆ ಹೋಯಿತು ಅಂತ ನಂಬಿದ್ದ. ಎಸ್‌ವಿಎನ್‌ನಲ್ಲಿ ಕಮಿಟ್ ಆದರೆ ಸರ್ವರಿನಲ್ಲಿದೆ ಅಂತಲೇ ಅರ್ಥ. ಯಾರನ್ನು ಬೈಯೋದು, ಹುಡುಗನನ್ನಾ, ಉಪಕರಣವನ್ನಾ?

ಕರಿಪರದೆ:
ಹುಡುಗನಿಗೆ ಹೇಳಿಕೊಡದವರನ್ನು ಬೈಯಿರಿ.

ಗಿಟ್ ಕಷ್ಟ ಅನ್ನುವವರಲ್ಲಿ ಬಹುಪಾಲು ಜನ ಕಮಾಂಡ್‌ಗಳನ್ನು ಬಾಯಿಪಾಠ ಮಾಡಿದವರು. ನಾನು ಕಲಿತದ್ದು ಆ ಅಡಗಿರುವ ಗಿಟ್ ಫೋಲ್ಡರ್ ತೆರೆದು ನೋಡಿ. ಈಗ ಎಲ್ಲಿದ್ದೇವೆ ಅಂತ ಹೇಳುವ ಹೆಡ್ ಅನ್ನುವುದು ಒಂದು ಸಾಲಿನ ಫೈಲ್. ಬ್ರಾಂಚ್ ಅಂದರೆ ಒಳಗೆ ಒಂದು ಹ್ಯಾಶ್ ಬರೆದಿಟ್ಟ ಇನ್ನೊಂದು ಸಣ್ಣ ಫೈಲ್. ಅಷ್ಟೇನಾ ಅನ್ನಿಸಿತು. 'ಡಿಟ್ಯಾಚ್ಡ್ ಹೆಡ್' ಅಂದರೆ ಹೆಡ್‌ನೊಳಗೆ ಬ್ರಾಂಚಿನ ಹೆಸರಿನ ಬದಲು ನೇರವಾಗಿ ಹ್ಯಾಶ್ ಇದೆ ಅಂತ. ಇದಕ್ಕೆ ಬೆವರುವುದು ಯಾಕೆ?

ನಮ್ಮಲ್ಲಿ ಒಬ್ಬರು ರೀಸೆಟ್ ಹಾರ್ಡ್ (ಬ್ರಾಂಚನ್ನು ಹಳೇ ಕಮಿಟ್‌ಗೆ ತಿರುಗಿಸುವ ಕಮಾಂಡ್) ಕೊಟ್ಟು ಬ್ರಾಂಚಿನ ಕೆಲಸ ಪೂರಾ ಹೋಯಿತು ಅಂತ ಅಳುವಂತಾಗಿದ್ದರು. ಹೆಡ್ ಎಲ್ಲೆಲ್ಲಿ ಇತ್ತು ಅಂತ ಬರೆದಿಡುವ ರಿಫ್ಲಾಗ್ ನೋಡಿ ನಿಮಿಷದೊಳಗೆ ವಾಪಸ್ ತಂದೆ. ಹಾಗೆ ಕೈಬಿಟ್ಟುಹೋದ ಕಮಿಟ್‌ಗಳನ್ನು ಗಿಟ್ ಏನೂ ಹೇಳದಿದ್ದರೂ 30 ದಿನ ರಿಫ್ಲಾಗ್‌ನಲ್ಲಿ ಇಟ್ಟುಕೊಂಡಿರುತ್ತದೆ. ಆದರೆ ಅವರು ಕಮಿಟ್ ಮಾಡದೆ ಬರೀ ಆಡ್ ಮಾಡಿದ್ದ (ಮುಂದಿನ ಕಮಿಟ್‌ಗೆ ಅಂತ ಸೇರಿಸಿಟ್ಟ) ಫೈಲ್‌ಗಳೂ ಇದ್ದವು. ಗಿಟ್‌ನ ಸಂಗ್ರಹ ತಪಾಸಣೆ ಮಾಡುವ ಎಫ್‌ಎಸ್‌ಸಿಕೆ ಓಡಿಸಿದರೆ ಅವೂ ಸಿಕ್ಕವು, ಆದರೆ ಹೆಸರಿಲ್ಲದೆ. ಒಂದೊಂದನ್ನೂ ತೆರೆದು 'ಇದು ಲಾಗಿನ್ ಪುಟ, ಇದು ಟೆಸ್ಟ್' ಅಂತ ಗುರುತಿಸುತ್ತಾ ಬೆಳಗಾಯಿತು. ಆಡ್ ಕೂಡ ಮಾಡದಿದ್ದದ್ದು ಮಾತ್ರ ಹೋಯಿತು, ಅದನ್ನು ಯಾರೂ ತರಲಾಗದು.

ಬಟನ್ ಒತ್ತಿಕೊಂಡು ಕೂತಿದ್ದರೆ ಇದ್ಯಾವುದೂ ತಲೆಗೆ ಹತ್ತುವುದಿಲ್ಲ.

ಚಿತ್ತಾರ:
ಮೊದಲೇ ಹೇಳುತ್ತೇನೆ, ನಾನು ಬಟನ್ ಒತ್ತುವವಳು. ಚಿತ್ರ ಮಾಡುವವರ ಕಷ್ಟ ಇಲ್ಲಿ ಯಾರೂ ಕೇಳಿಲ್ಲ.

ಲೇಯರ್‌ಗಳಿರುವ ಫೈಲನ್ನು ಸ್ವಲ್ಪ ಬಣ್ಣ ಬದಲಿಸಿ ಸೇವ್ ಮಾಡಿದರೂ ಗಿಟ್‌ಗೆ ಅದು ಹೆಚ್ಚುಕಮ್ಮಿ ಹೊಸ ಫೈಲೇ. ನಮ್ಮ ರೆಪೊ (ಇತಿಹಾಸ ಸಮೇತ ಫೈಲ್‌ಗಳ ಸಂಗ್ರಹ) ಊದುತ್ತಾ ಹೋಗಿ, ಹೊಸಬರು ಅದರ ಪ್ರತಿ ಇಳಿಸಲು ಕ್ಲೋನ್ ಕೊಟ್ಟು ಬೇರೆ ಕೆಲಸ ನೋಡಿಕೊಂಡು ಬರುವಂತಾಯಿತು. ಒಂದು ದಿನ ಪುಷ್ ಹೋಗಲೇ ಇಲ್ಲ. ಹೋಸ್ಟಿಂಗ್‌ನಲ್ಲಿ ಒಂದು ಫೈಲಿಗೆ 100 ಎಂಬಿ ಮಿತಿ. ಫೈಲ್ ಅಳಿಸಿ ಕಮಿಟ್ ಮಾಡಿದೆ, ಆಗಲೂ ಹೋಗಲಿಲ್ಲ. ಹಿಂದಿನ ಕಮಿಟ್‌ನಲ್ಲಿ ಅದು ಇದೆಯಲ್ಲ! ನಮ್ಮ ಕೋಡ್ ಹುಡುಗರು 'ಹೇಗೂ ಕೈ ಹಾಕಿದ್ದೇವೆ, ಹಳೇ ದೊಡ್ಡ ಫೈಲ್‌ಗಳೂ ಹೋಗಲಿ' ಅಂತ ಫಿಲ್ಟರ್-ರೆಪೊ ಹಾಕಿ ಇಡೀ ಇತಿಹಾಸ ತೊಳೆದರು. ಎಲ್ಲ ಹ್ಯಾಶೂ ಬದಲಾಯಿತು. ಎಲ್ಲರೂ ಹಳೇ ಫೋಲ್ಡರ್ ಅಳಿಸಿ ಮತ್ತೆ ಕ್ಲೋನ್ ಮಾಡಿ ಅಂತ ಮೇಲ್ ಹೋಯಿತು. ಒಬ್ಬರು ಮೇಲ್ ಓದಲಿಲ್ಲ. ಹಳೇ ಕ್ಲೋನಿನಿಂದ ಪುಲ್ (ಸರ್ವರಿನದ್ದನ್ನು ತರುವುದು), ಮರ್ಜ್, ಪುಷ್. ತೊಳೆದದ್ದೆಲ್ಲ ವಾಪಸ್ ಬಂದು ಕೂತಿತು!

ಆಮೇಲೆ ದೊಡ್ಡ ಫೈಲ್‌ಗಳನ್ನು ಬೇರೆಯಾಗಿ ಇಡುವ ಎಲ್‌ಎಫ್‌ಎಸ್ ಹಾಕಿದರು. ಅದನ್ನು ಇನ್‌ಸ್ಟಾಲ್ ಮಾಡದ ಯಂತ್ರದಲ್ಲಿ ನನ್ನ ಚಿತ್ರ ತೆರೆದರೆ 'ಫೈಲ್ ಕೆಟ್ಟಿದೆ'. ನೋಟ್‌ಪ್ಯಾಡಿನಲ್ಲಿ ನೋಡಿದರೆ ಮೂರು ಸಾಲು ಪಠ್ಯ: ಒಂದು ವರ್ಷನ್, ಒಂದು ಹ್ಯಾಶ್, ಒಂದು ಸೈಜ್. ಚಿತ್ರ ಎಲ್ಲಿ ಹೋಯಿತು ಅಂತ ನನ್ನನ್ನೇ ಕೇಳುತ್ತಿದ್ದರು.

ಈಗ ಕೆಲಸ ಮಾಡುವ ಕಡೆ ಪರ್ಫೋರ್ಸ್ ಅನ್ನುವ ಇನ್ನೊಂದು ವರ್ಷನ್ ಕಂಟ್ರೋಲ್ ಇದೆ. ಫೈಲ್ ನಾನು ಚೆಕ್ಔಟ್ ಮಾಡಿ ಹಿಡಿದರೆ ಇನ್ನೊಬ್ಬರು ಮುಟ್ಟುವಂತಿಲ್ಲ. ಸರ್ವರ್ ಬಿದ್ದರೆ ಎಲ್ಲರೂ ಕೈ ಕಟ್ಟಿಕೊಂಡು ಕೂರಬೇಕು, ಅದು ನಿಜ. ಆದರೂ ನಾನು ಮತ್ತೆ ಗಿಟ್‌ಗೆ ಹೋಗಲ್ಲ.

ಕರಿಪರದೆ:
ಎಲ್‌ಎಫ್‌ಎಸ್ ಇನ್‌ಸ್ಟಾಲ್ ಮಾಡಿ ಅಂತ ರೀಡ್‌ಮಿಯಲ್ಲಿ ಬರೆದಿರಲಿಲ್ಲವಾ ಮೇಡಂ?

ಚಿತ್ತಾರ:
ಬರೆದಿತ್ತು ಸರ್. ರೀಡ್‌ಮಿ ಓದದೆ ಇದ್ದವರು ನಿಮ್ಮಂಥ ಟರ್ಮಿನಲ್ ಪಂಡಿತರೇ. ನಾನು ಓದಿದ್ದೆ.

ಅರ್ಧರಾತ್ರಿ:
ಜಗಳ ನಿಲ್ಲಿಸಿ, ನನ್ನ ಕಥೆ ಕೇಳಿ. ಗಿಟ್ 2.0 ಬರುವ ಮೊದಲು, ಅಂದರೆ 2014ಕ್ಕೆ ಮುಂಚೆ, ಸುಮ್ನೆ ಗಿಟ್ ಪುಷ್ ಅಂದರೆ ಎರಡೂ ಕಡೆ ಒಂದೇ ಹೆಸರಿರುವ ಎಲ್ಲ ಬ್ರಾಂಚೂ ಹೋಗುತ್ತಿದ್ದವು. ಡಿಫಾಲ್ಟ್ ಹಾಗಿತ್ತು. ನಮ್ಮ ಸೀನಿಯರ್ ತನ್ನ ಒಂದು ಬ್ರಾಂಚ್ ಸರಿಮಾಡಲು ಫೋರ್ಸ್ (ಸರ್ವರಿನದ್ದನ್ನು ಅಳಿಸಿ ತನ್ನದನ್ನು ಕೂರಿಸುವ ಪುಷ್) ಕೊಟ್ಟರು. ಅವರ ಯಂತ್ರದಲ್ಲಿ ಹಳಸಿ ಕೂತಿದ್ದ ಮಾಸ್ಟರ್ ಕೂಡ ಹೋಗಿ ಸರ್ವರಿನ ಮಾಸ್ಟರ್ ಮೇಲೆ ಕೂತಿತು. ಅದರ ಹಿಂದೆಯೇ ರಿಲೀಸ್ ಬ್ರಾಂಚ್. ಯಾರ ಯಂತ್ರದಲ್ಲಿ ಇತ್ತೀಚಿನ ಪ್ರತಿ ಇದೆ ಅಂತ ಮೇಜು ಮೇಜಿಗೆ ಹೋಗಿ ಕೇಳಿದೆವು. ಆಮೇಲೆ ಸಿಂಪಲ್ ಅನ್ನುವ ಡಿಫಾಲ್ಟ್ ಬಂತು, ಈಗ ಇರುವ ಬ್ರಾಂಚ್ ಒಂದೇ ಹೋಗುತ್ತದೆ. ನಮಗೆ ಆಗಿದ್ದು ಆಗಿಹೋಯಿತು.

ಸರ್ವರಿನಲ್ಲಿ ನಾವು ನೋಡದ ಕಮಿಟ್ ಇದ್ದರೆ ತಡೆಯುವ ಫೋರ್ಸ್-ವಿತ್-ಲೀಸ್ ಬಳಸಿ ಅಂತ ಬುದ್ಧಿ ಹೇಳುವವರಿಗೂ ಒಂದು ಮಾತು. ನಿಮ್ಮ ಎಡಿಟರ್ ಹಿನ್ನೆಲೆಯಲ್ಲಿ ತಾನೇ ಫೆಚ್ ಮಾಡುತ್ತಿದ್ದರೆ (ಸರ್ವರಿನ ಹೊಸ ಸ್ಥಿತಿ ತರುತ್ತಿದ್ದರೆ) ಆ ಕಾವಲು ಇದ್ದೂ ಇಲ್ಲದಂತೆ.

ಇನ್ನು ಚೆಕ್ಔಟ್. ಬ್ರಾಂಚ್ ಬದಲಿಸಲೂ ಅದೇ, ಫೈಲಿನ ಬದಲಾವಣೆ ಬಿಸಾಡಲೂ ಅದೇ. 2019ರಲ್ಲಿ 2.23ರ ಜೊತೆ ಸ್ವಿಚ್, ರಿಸ್ಟೋರ್ ಅಂತ ಬೇರೆ ಮಾಡಿದರು. ಹುಡುಕಿದರೆ ಸಿಗುವ ಉತ್ತರಗಳಲ್ಲಿ ಇವತ್ತಿಗೂ ಚೆಕ್ಔಟೇ. ರೀಬೇಸ್ ಮಾಡುವಾಗ (ನಮ್ಮ ಕಮಿಟ್‌ಗಳನ್ನು ಬೇರೆ ಬುಡದ ಮೇಲೆ ಮತ್ತೆ ಕೂರಿಸುವಾಗ) ಇಂಗ್ಲಿಷಿನ 'ಅವರ್ಸ್' (ನಮ್ಮದು) ಅಂದರೆ ಅವರದು, 'ದೇರ್ಸ್' (ಅವರದು) ಅಂದರೆ ನಮ್ಮದು! ಯಾಕೆ ಹಾಗೆ ಅಂತ ನನಗೆ ಗೊತ್ತು, ವಿವರಿಸಲು ಬರಬೇಡಿ. ಗೊತ್ತಿದ್ದೂ ಪ್ರತಿ ಸಲ ನಿಂತು ಯೋಚಿಸಬೇಕು. ಅದು ನನ್ನ ದೂರು.

ಪಾದರಸ:
ಇದೆಲ್ಲ ಬೇಕಾಗಿಯೇ ಇರಲಿಲ್ಲ. ಲಿನಕ್ಸ್ ಕರ್ನಲ್‌ನವರು ಬಳಸುತ್ತಿದ್ದ ಬಿಟ್‌ಕೀಪರ್‌ನ ಉಚಿತ ಬಳಕೆ ನಿಂತ ಮೇಲೆ 2005ರ ಏಪ್ರಿಲ್‌ನಲ್ಲೇ ಎರಡೂ ಶುರುವಾದವು, ಒಂದು ಗಿಟ್, ಇನ್ನೊಂದು ಮರ್ಕ್ಯುರಿಯಲ್. ಮರ್ಕ್ಯುರಿಯಲ್‌ನಲ್ಲಿ ಸ್ಟೇಜಿಂಗ್ (ಕಮಿಟ್‌ಗೆ ಮುನ್ನ ಬದಲಾವಣೆಗಳನ್ನು ಆಡ್ ಮಾಡಿಡುವ ಜಾಗ) ಅನ್ನುವ ನಡುಮನೆ ಇಲ್ಲ. ರೆಪೊ ಒಳಗೆ ಸಾದಾ ನಂಬರ್ ಸಿಗುತ್ತದೆ. ಸಹಾಯ ಪುಟ ಓದಿದರೆ ಅರ್ಥವಾಗುತ್ತದೆ. ಕೋಡ್ ಗೊತ್ತಿಲ್ಲದ ಪ್ರೂಫ್ ನೋಡುವವರಿಗೆ ನಾನು ಮಧ್ಯಾಹ್ನ ಕಲಿಸಿದರೆ ಸಂಜೆಗೆ ತಾವೇ ಬಳಸುತ್ತಿದ್ದರು.

ಗೆದ್ದದ್ದು ಯಾವುದು ಅಂತ ಗೊತ್ತಲ್ಲ. ನಾವು ರೆಪೊ ಇಟ್ಟಿದ್ದ ಸೇವೆ 2020ರಲ್ಲಿ ಮರ್ಕ್ಯುರಿಯಲ್ ಕೈಬಿಟ್ಟಿತು. ಗಿಟ್‌ಗೆ ಬದಲಾಯಿಸಿದೆವು. ಕಮಿಟ್‌ಗಳು ಬಂದವು, ರಿವ್ಯೂನಲ್ಲಿ ನಡೆದ ಚರ್ಚೆಗಳು ಬರಲಿಲ್ಲ. 'ಈ ತಪ್ಪು ಆ ಹ್ಯಾಶ್‌ನಲ್ಲಿ ಬಂದದ್ದು' ಅಂತ ಹಳೇ ಸಂದೇಶಗಳಲ್ಲಿ ಬರೆದಿದ್ದ ಹ್ಯಾಶ್‌ಗಳಿಗೆಲ್ಲ ಅರ್ಥವೇ ಇಲ್ಲ, ಅವು ಈಗ ಎಲ್ಲೂ ಇಲ್ಲ. ಈಚೆಗೆ ಫೈರ್‌ಫಾಕ್ಸ್ ಕೂಡ ಗಿಟ್‌ಗೆ ಹೋಯಿತು.

ಈಗ ಜುಜುತ್ಸು ಬಳಸುತ್ತಿದ್ದೇನೆ, ಜೆಜೆ ಅಂತಾರಲ್ಲ ಅದು. ಕೆಳಗೆ ಗಿಟ್ ರೆಪೊನೇ ಇರುತ್ತದೆ, ಜೊತೆಯವರಿಗೆ ಗೊತ್ತೇ ಆಗಲ್ಲ. ಸ್ಟೇಜಿಂಗ್ ಇಲ್ಲ. ಏನೇ ಎಡವಟ್ಟಾದರೂ ಜೆಜೆ ಅಂಡೂ. ರೀಬೇಸ್‌ನಲ್ಲಿ ಕಾನ್‌ಫ್ಲಿಕ್ಟ್ ಬಂದರೆ ಕೆಲಸ ಅರ್ಧಕ್ಕೆ ನಿಲ್ಲುವುದಿಲ್ಲ, ಕಾನ್‌ಫ್ಲಿಕ್ಟನ್ನೇ ಕಮಿಟ್‌ನೊಳಗೆ ಇಟ್ಟುಕೊಂಡು ಮುಂದೆ ಹೋಗುತ್ತದೆ.

ಹಳೇಹುಲಿ:
ಅಂದರೆ ಗಿಟ್ ಬಳಸಲು ಇನ್ನೊಂದು ಸಾಫ್ಟ್‌ವೇರ್ ಬೇಕು. ನಾನು ಹೇಳಿದ್ದೂ ಅದೇ ಅಲ್ವಾ?

ಟಿಪ್ಪಣಿ:
ನಾನು ಕೈಪಿಡಿ ಬರೆಯುವವಳು. ಟರ್ಮಿನಲ್ ಮುಟ್ಟದೆ ಗಿಟ್ ಬಳಸುತ್ತೇನೆ, ತಲೆ ತಗ್ಗಿಸಬೇಕಾದ್ದೇನೂ ಇಲ್ಲ.

ನನಗೆ ಕಾಟ ಕೊಟ್ಟದ್ದು ಸಾಲಿನ ಕೊನೆ. ವಿಂಡೋಸ್‌ನಲ್ಲಿ ಸಾಲು ಮುಗಿಯುವ ಗುರುತು ಒಂದು ಥರ, ಲಿನಕ್ಸ್‌ನಲ್ಲಿ ಇನ್ನೊಂದು. ನಾನು ಒಂದು ಅಲ್ಪವಿರಾಮ ತೆಗೆದರೆ ಏನು ಬದಲಾಯಿತು ಅಂತ ತೋರಿಸುವ ಡಿಫ್‌ನಲ್ಲಿ ಇಡೀ ಅಧ್ಯಾಯ ಕೆಂಪು, ಇಡೀ ಅಧ್ಯಾಯ ಹಸಿರು. 'ನೀವು ಎಲ್ಲವನ್ನೂ ತಿದ್ದಿದ್ದೀರಿ' ಅಂತ ರಿವ್ಯೂನಲ್ಲಿ ಬೈಸಿಕೊಂಡೆ. ಕೊನೆಗೆ ಯಾವ ಫೈಲಿಗೆ ಯಾವ ನಿಯಮ ಅಂತ ಬರೆಯುವ ಗಿಟ್‌ಆಟ್ರಿಬ್ಯೂಟ್ಸ್ ಫೈಲ್‌ನಲ್ಲಿ 'ಟೆಕ್ಸ್ಟ್ ಆಟೋ' ಹಾಕಿ, ಎಲ್ಲ ಫೈಲನ್ನೂ ಒಮ್ಮೆ ರೀನಾರ್ಮಲೈಸ್ ಮಾಡಿದ (ಸಾಲಿನ ಕೊನೆಯನ್ನು ಒಂದೇ ಥರಕ್ಕೆ ತಂದ) ಮೇಲೆ ನಿಂತಿತು. ಈಗ ಒಂದು ವಾಕ್ಯಕ್ಕೆ ಒಂದು ಸಾಲು ಅಂತ ಬರೆಯುತ್ತೇನೆ. ಪ್ಯಾರಾ ಪೂರ್ತಿ ಒಂದೇ ಸಾಲಾಗಿದ್ದರೆ ಯಾವ ಮಾತು ಬದಲಾಯಿತು ಅಂತ ಡಿಫ್‌ನಲ್ಲಿ ಹುಡುಕಿ ಕಣ್ಣು ಹೋಗುತ್ತದೆ.

ಕರಿಪರದೆ:
ಬಟನ್ ಹಿಂದೆ ಏನು ನಡೆಯುತ್ತದೆ ಅಂತ ಗೊತ್ತಾ? ನಿಮ್ಮ ಎಡಿಟರಿನ 'ಸಿಂಕ್' ಒತ್ತಿದರೆ ಪುಲ್ಲೂ ಆಗುತ್ತದೆ, ಪುಷ್ಷೂ ಆಗುತ್ತದೆ.

ಟಿಪ್ಪಣಿ:
ಗೊತ್ತು ಗುರು. ಅದಕ್ಕೇ ಅದನ್ನು ಒತ್ತಲ್ಲ. ನಿಮ್ಮ ಕಮಿಟ್ ಸಂದೇಶಗಳೋ? 'ಫಿಕ್ಸ್', 'ಫಿಕ್ಸ್ ಮತ್ತೆ', 'ಈಗ ಸರಿ'. ಕೋಡ್‌ನವರ ಇತಿಹಾಸ ಓದಿ ಕೈಪಿಡಿ ಬರೆಯಬೇಕಾದವರು ನಾವು.

ಅರ್ಧರಾತ್ರಿ:
ಅದಕ್ಕೆ ಮರ್ಜ್ ಮಾಡುವಾಗ ಸ್ಕ್ವಾಶ್ ಮಾಡಬೇಕು. ಒಂದು ಕೆಲಸಕ್ಕೆ ಒಂದು ಕಮಿಟ್.

ಕರಿಪರದೆ:
ಸ್ಕ್ವಾಶ್ ಮಾಡಿದವರೇ ಆಮೇಲೆ ತಪ್ಪು ಯಾವ ಕಮಿಟ್‌ನಲ್ಲಿ ಬಂತು ಅಂತ ಹುಡುಕುವ ಬೈಸೆಕ್ಟ್ ಹಾಕಿ, ಸಾವಿರ ಸಾಲಿನ ಕಮಿಟ್ ಮುಂದೆ ಕೂತು 'ತಪ್ಪು ಇದರಲ್ಲೇ ಎಲ್ಲೋ ಇದೆ' ಅನ್ನುವುದು. ನೋಡಿದ್ದೇನೆ.

ಅರ್ಧರಾತ್ರಿ:
ಒಂದು ಬ್ರಾಂಚಿನಲ್ಲಿ ಸಾವಿರ ಸಾಲು ಬರೆದವರನ್ನು ಕೇಳಿ, ನನ್ನನ್ನಲ್ಲ.

ಹೊಸಕಡತ:
ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಓದಿ ನಮ್ಮ ಚಿತ್ರದವರು ಕೇಳುತ್ತಿದ್ದಾರೆ: ಗಿಟ್‌ನಲ್ಲಿ ಫೈಲ್ ಲಾಕ್ ಮಾಡಲು ಬರುವುದೇ ಇಲ್ಲವಾ?

ಚಿತ್ತಾರ:
ಬರೀ ಗಿಟ್‌ನಲ್ಲಿ ಇಲ್ಲ. ಎಲ್‌ಎಫ್‌ಎಸ್‌ನಲ್ಲಿ ಲಾಕ್ ಕಮಾಂಡ್ ಇದೆ. ಗಿಟ್‌ಆಟ್ರಿಬ್ಯೂಟ್ಸ್‌ನಲ್ಲಿ ಆ ಥರದ ಫೈಲ್‌ಗೆ 'ಲಾಕಬಲ್' ಅಂತ ಬರೆದರೆ, ಲಾಕ್ ಹಾಕುವವರೆಗೆ ಅದು ರೀಡ್-ಓನ್ಲಿ ಆಗಿರುತ್ತದೆ. ಸರ್ವರ್ ಕೂಡ ಅದನ್ನು ಬೆಂಬಲಿಸಬೇಕು. ಆದರೆ ನಾಲ್ಕೂ ಜನರ ಯಂತ್ರದಲ್ಲಿ ಎಲ್‌ಎಫ್‌ಎಸ್ ಇದೆಯಾ ಅಂತ ನೀವೇ ಕೂತು ನೋಡಿ. ರೀಡ್‌ಮಿ ನಂಬಬೇಡಿ.

ಹಳೇಹುಲಿ:
ಎಸ್‌ವಿಎನ್‌ನಲ್ಲಿ ಲಾಕ್ 2005ರ 1.2ರಿಂದಲೂ ಇದೆ. ಸುಮ್ನೆ ಹೇಳಿದೆ.

ಕರಿಪರದೆ:
ಲಾಕ್ ಹಾಕಿದವರು ರಜೆ ಮೇಲೆ ಹೋದರೆ ಏನು ಮಾಡುತ್ತಿದ್ದಿರಿ, ಅದನ್ನೂ ಹೇಳಿ.

ಹಳೇಹುಲಿ:
ಅನ್‌ಲಾಕ್ ಫೋರ್ಸ್ ಇದೆ. ಯಾರು ಮುರಿದರು ಅಂತ ಲಾಗ್ ಇಡುವ ಹುಕ್ಕೂ (ತಾನಾಗಿಯೇ ಓಡುವ ಸ್ಕ್ರಿಪ್ಟ್) ಇದೆ. ನಿಮಗೆ ಬೇಕಾದರೆ ಬೇರೆ ಪ್ರಶ್ನೆ ಹಾಕಿ, ಅಲ್ಲಿ ಬರುತ್ತೇನೆ.